ಪಿಕಪ್‌ನ ಹೊಗೆ ಲೆಕ್ಕ: ಬಿಚ್ಚುವ ಮೊದಲು ಅಳೆಯಿರಿ

ಭರಮಸಾಗರ ಸುತ್ತಿನ ಈರುಳ್ಳಿ, ಮೆಕ್ಕೆಜೋಳ, ತರಕಾರಿ ಹೊಲದಿಂದ ಪೇಟೆ ಸೇರಲು ಪಿಕಪ್ ಬೇಕೇ ಬೇಕು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳಿಗೆ ಬಿಎಸ್–6 ಹೊಗೆ ಮಿತಿ ಕಡ್ಡಾಯವಾಗಿದೆ. ಹಾಗಾಗಿ ಡೀಸೆಲ್ ಪಿಕಪ್‌ಗಳ ಸೈಲೆನ್ಸರ್ ಸಾಲಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಜೊತೆಗೆ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಕೂಡ ಬಂದಿದೆ. ಎಳೆತ ಕುಗ್ಗಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದರೆ ಮೊದಲು ಅನುಮಾನ ಬೀಳುವುದು ಈ ದುಬಾರಿ ಡಬ್ಬದ ಮೇಲೆ. ಆದರೆ ಬಹಳ ಸಲ ಮೂಲ ದೋಷ ಬೇರೆ ಕಡೆ ಇರುತ್ತದೆ.

ಡಬ್ಬದ ಕೆಲಸ ಎಷ್ಟು?

1,760 ಕೆ.ಜಿ.ಗಿಂತ ಭಾರದ ಲಘು ಸರಕು ಡೀಸೆಲ್ ವಾಹನಗಳಿಗೆ ಕಿ.ಮೀ.ಗೆ ಇರುವ ಮಿತಿ, ಜೊತೆಗೆ ಇಂಧನದ ಮಿತಿ:

- ಮಸಿ ಕಣ: ಬಿಎಸ್–4ರಲ್ಲಿ 60 ಮಿ.ಗ್ರಾಂ, ಬಿಎಸ್–6ರಲ್ಲಿ 4.5 ಮಿ.ಗ್ರಾಂ
- ನೈಟ್ರೋಜನ್ ಆಕ್ಸೈಡ್: 390 ಮಿ.ಗ್ರಾಂನಿಂದ 125 ಮಿ.ಗ್ರಾಂಗೆ
- ಡೀಸೆಲ್‌ನ ಗಂಧಕ: ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ

ವರ್ಷಕ್ಕೆ 30,000 ಕಿ.ಮೀ. ಓಡುವ ಗಾಡಿಗೆ ಇದೇ ಮಿತಿ ಹಿಡಿದರೆ 1.8 ಕೆ.ಜಿ. ಮಸಿಯ ಜಾಗದಲ್ಲಿ 135 ಗ್ರಾಂ. ಡಬ್ಬದ ಒಳಗೆ ಮಸಿ ಹಿಡಿಯುವ ಜೇನುಗೂಡಿನಂಥ ಭಾಗವನ್ನು ಒಡೆದು ತೆಗೆಸಿದರೆ ಈ ಲಾಭವಿಲ್ಲ. ಆ ಮಸಿ ಊರಿನವರ ಎದೆಗೇ ಸೇರುತ್ತದೆ.

ಡಬ್ಬ ಕಟ್ಟಿಕೊಳ್ಳುವುದೇಕೆ?

ಫಿಲ್ಟರ್‌ನಲ್ಲಿ ಕೂತ ಮಸಿಯನ್ನು ಸುಟ್ಟು ತೆಗೆಯಲು ಗಾಡಿಯೇ ಒಳಗಿನ ಶಾಖವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ 15–20 ನಿಮಿಷ ಒಂದೇ ಹದದ ಓಟ ಬೇಕು. ಹೊಲದಿಂದ ಊರಿಗೆ, ಊರಿನಿಂದ ಸಿರಿಗೆರೆಗೆ ಎಂಬಂತಹ ಸಣ್ಣ ಓಟಗಳಲ್ಲಿ, ಲೋಡ್ ಮಾಡುವಾಗ ಎಂಜಿನ್ ಚಾಲೂ ಇಟ್ಟು ನಿಂತಾಗ ಅಷ್ಟು ಶಾಖ ಹುಟ್ಟುವುದಿಲ್ಲ. 60ರ ವೇಗದಲ್ಲಿ 20 ನಿಮಿಷವೆಂದರೆ 20 ಕಿ.ಮೀ. ಭರಮಸಾಗರದಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆಗಾಗಲಿ ದಾವಣಗೆರೆಯ ಕಡೆಗಾಗಲಿ ಈ ಓಟ ಸಲೀಸಾಗಿ ಸಿಗುತ್ತದೆ. ಮಸಿ ಸುಡುತ್ತಿರುವಾಗ ಮಾತ್ರ ಒಣಹುಲ್ಲು, ಜೋಳದ ದಂಟಿನ ಮೇಲೆ ಗಾಡಿ ನಿಲ್ಲಿಸಬಾರದು, ಬೆಂಕಿ ಹತ್ತೀತು.

ಎಂಜಿನ್ ಆಯಿಲ್‌ನಿಂದ ಬರುವ ಬೂದಿ ಮಾತ್ರ ಯಾವ ಶಾಖಕ್ಕೂ ಸುಡುವುದಿಲ್ಲ. ಬೂದಿಯ ಪ್ರಮಾಣ ಶೇ 1 ಮೀರದ ಸಿಕೆ–4 ದರ್ಜೆಯ ಆಯಿಲ್, ಇಲ್ಲವೇ ಕಂಪನಿ ಕೈಪಿಡಿ ಹೇಳಿದ್ದನ್ನೇ ಹಾಕಿಸಬೇಕು.

ತಪಾಸಣೆ, ಅಗ್ಗದಿಂದ ದುಬಾರಿಗೆ

1. ಸ್ಕ್ಯಾನರ್ ಹಾಕಿ ಕೋಡ್ ಬರೆದುಕೊಳ್ಳಿ. ಪಿ2463 ಎಂದರೆ ಮಸಿ ತುಂಬಿದೆ. ಪಿ2002 ಎಂದರೆ ಫಿಲ್ಟರ್‌ನ ಕೆಲಸ ಸಾಲದು. ಪಿ0420 ಕನ್ವರ್ಟರ್ ದುರ್ಬಲವೆಂಬ ಸೂಚನೆ.
2. ಫಿಲ್ಟರ್‌ನ ಹಿಂದು-ಮುಂದಿನ ಒತ್ತಡ ಅಳೆಯುವ ಸೆನ್ಸರ್‌ಗೆ ಎರಡು ಸಣ್ಣ ಪೈಪ್‌ಗಳಿರುತ್ತವೆ. ಅವು ಬಿರಿದಿದ್ದರೆ, ಮಸಿಯಿಂದ ಮುಚ್ಚಿದ್ದರೆ ಅಂಕಿ ಸುಳ್ಳಾಗುತ್ತದೆ. ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ ನೋಡಿದಾಗ ಸೊನ್ನೆಯ ಆಸುಪಾಸು ಇರಬೇಕು.
3. ಟರ್ಬೊ ಹೋಸ್, ಇಂಜೆಕ್ಟರ್, ಇಜಿಆರ್ ವಾಲ್ವ್ (ಹೊಗೆಯ ಒಂದಂಶವನ್ನು ಎಂಜಿನ್‌ಗೆ ಮರಳಿಸುವ ಕವಾಟ) ನೋಡಿಸಿ. ಇಲ್ಲಿನ ದೋಷ ಉಳಿದರೆ ಹೊಸ ಡಬ್ಬವೂ ಕಟ್ಟಿಕೊಳ್ಳುತ್ತದೆ.
4. ಪೆಟ್ರೋಲ್, ಸಿಎನ್‌ಜಿ ಮಿನಿ ಟ್ರಕ್ಕಿನಲ್ಲಿ ಸೈಲೆನ್ಸರ್ ಸಾಲಿನ ಹಿಮ್ಮುಖ ಒತ್ತಡ ಅಳೆಯಿರಿ: 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ದಾರಿ ಕಟ್ಟಿದೆ. ಹಿಂದಿನ ಆಕ್ಸಿಜನ್ ಸೆನ್ಸರ್ 0.6–0.7 ವೋಲ್ಟ್‌ನಲ್ಲಿ ಸ್ಥಿರವಾಗಿದ್ದರೆ ಕನ್ವರ್ಟರ್ ಚೆನ್ನಾಗಿದೆ; ಮುಂದಿನದರಂತೆ 0.1ರಿಂದ 0.9ರ ನಡುವೆ ಜಿಗಿದಾಡಿದರೆ ಸೋತಿದೆ.
5. ತಣ್ಣಗಿರುವ ಡಬ್ಬವನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಎಂದರೆ ಜೇನುಗೂಡು ಒಡೆದಿದೆ, ಅದನ್ನು ಬದಲಿಸಲೇಬೇಕು.

ತಡ ಮಾಡಿದರೆ ನಷ್ಟ

ತಿಂಗಳಿಗೆ 2,500 ಕಿ.ಮೀ. ಓಡುವ ಗಾಡಿಯ ಮೈಲೇಜ್ 14ರಿಂದ 12ಕ್ಕೆ ಇಳಿಯಿತೆನ್ನಿ. ಡೀಸೆಲ್ 179ರ ಬದಲು 208 ಲೀಟರ್ ಬೇಕು. ಲೀಟರಿಗೆ ₹90 ಎಂದು ಹಿಡಿದರೆ ತಿಂಗಳಿಗೆ ಸುಮಾರು ₹2,680, ವರ್ಷಕ್ಕೆ ₹32,000 ಹೆಚ್ಚು ಖರ್ಚು. ಬಿಡಿಭಾಗಕ್ಕೂ ಕೂಲಿಗೂ ಶೇ 18 ಜಿಎಸ್‌ಟಿ ಇದೆ: ₹50,000ದ ಭಾಗವಾದರೆ ಕೈಯಿಂದ ಹೋಗುವುದು ₹59,000.

ಡಬ್ಬ ಕಿತ್ತುಹಾಕಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮೊದಲ ತಪ್ಪಿಗೇ ₹10,000ದವರೆಗೆ ದಂಡ, 3 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಲೈಸೆನ್ಸ್‌ಗೂ 3 ತಿಂಗಳ ಕುತ್ತು.

ಆದ್ದರಿಂದ ಗ್ಯಾರೇಜಿನಲ್ಲಿ ಹೊಸ ಡಬ್ಬಕ್ಕೆ ಒಪ್ಪುವ ಮೊದಲು ಮೂರು ವಿಷಯ ಕೇಳಿ ಬರೆಸಿಕೊಳ್ಳಿ: ಬಂದ ಕೋಡ್ ಯಾವುದು, ಒತ್ತಡದ ಅಂಕಿ ಎಷ್ಟು, ಕಟ್ಟಿಕೊಳ್ಳಲು ಕಾರಣವೇನು. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಹಣ ಬಿಚ್ಚಬೇಡಿ.