ಭಾವನವರ ಕಣಕಾಲಿನ ಒರೆ

ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣನ ಪೂಜೆ. ಊಟಕ್ಕೆ ಎಲೆ ಹಾಕಿತ್ತು. ನನ್ನ ಅಕ್ಕನ ಯಜಮಾನರು, ಎಂದರೆ ನಮ್ಮ ಭಾವನವರು, ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲು ಹೋಗಿ ಎರಡು ಸಲ ಎದ್ದರು. ಮೂರನೆಯ ಸಲ ಎಡಗಾಲನ್ನು ಮುಂದಕ್ಕೆ ಚಾಚಿಯೇ ಕುಳಿತರು. ಪ್ಯಾಂಟಿನ ಅಂಚು ಮೇಲಕ್ಕೆ ಸರಿಯಿತು. ಉಪ್ಪು ಬಡಿಸುತ್ತಿದ್ದ ನನ್ನ ಆರು ವರ್ಷದ ಮಗಳು ಬಗ್ಗಿ ನೋಡಿ, “ಮಾಮಾ, ಕಾಲಿಗೇನು ಕಟ್ಟೀರಿ? ಪೆಟ್ಟಾಗೇದೇನು?” ಎಂದು ಕೈ ಚಾಚಿಯೇಬಿಟ್ಟಳು. ಭಾವನವರು ಆ ಕೈಯನ್ನು ಹಿಡಿದ ರಭಸಕ್ಕೆ ಉಪ್ಪಿನ ಬಟ್ಟಲು ಉರುಳಿತು. ಅಕ್ಕನ ಮುಖ ಬಿಳುಪೇರಿತು. ಕಾಲಿಗೆ ಕಟ್ಟಿದ್ದುದು ಗಾಯದ ಪಟ್ಟಿಯಲ್ಲ, ಗುಂಡು ತುಂಬಿದ ರಿವಾಲ್ವರು.

ಭಾವನವರು ಶೋಕಿಯ ಮನುಷ್ಯರಲ್ಲ. ಬೇಗಂ ಬಜಾರಿನಲ್ಲಿ ಅವರದು ಸಗಟು ವ್ಯಾಪಾರ. ಎರಡು ವರ್ಷದ ಹಿಂದೆ ರಾತ್ರಿ ಅಂಗಡಿ ಮುಚ್ಚಿ ಬರುವಾಗ ಯಾರೋ ಇಬ್ಬರು ಸ್ಕೂಟರಿಗೆ ಅಡ್ಡ ಹಾಕಿ ಹಣದ ಚೀಲವನ್ನು ಕಿತ್ತುಕೊಂಡು ಹೋದರು. ಆಮೇಲೆ ಅವರು ಅರ್ಜಿ ಹಾಕಿ, ವಿಚಾರಣೆಗಳನ್ನೆಲ್ಲ ಮುಗಿಸಿ, ಲೈಸನ್ಸು ಪಡೆದು, .32 ಬೋರಿನ ರಿವಾಲ್ವರನ್ನು ಕೊಂಡರು. ಸೊಂಟದಲ್ಲಿಟ್ಟರೆ ಅಂಗಡಿಯ ಗಿರಾಕಿಗಳ ಕಣ್ಣಿಗೆ ಬೀಳುತ್ತದೆಂದು, ಇಂಗ್ಲಿಷ್ ಸಿನಿಮಾದ ಪತ್ತೇದಾರರ ಹಾಗೆ ಕಣಕಾಲಿಗೆ ಕಟ್ಟುವ ಒಂದು ಒರೆಯನ್ನು ತರಿಸಿಕೊಂಡರು. ಪೂಜೆಯ ದಿನ ಅಂಗಡಿಯಿಂದ ನೇರವಾಗಿ ಬಂದಿದ್ದರು. ಬಿಚ್ಚಿಡಲು ಬೀಗವಿರುವ ಜಾಗ ನಮ್ಮಲ್ಲಿ ಇರಲಿಲ್ಲ.

“ಬಚ್ಚಿಟ್ಟುಕೊಂಡು ಓಡಾಡುವುದು ಅಪರಾಧವಲ್ಲವೇ, ಭಾವ?” ಎಂದು ಆ ಸಂಜೆ ಕೇಳಿದೆ. ಸರಕಾರಿ ಕಚೇರಿಯಲ್ಲಿ ಕಡತ ನೋಡುವವನಾದರೂ ನನಗೆ ಈ ಕಾನೂನು ತಿಳಿದಿರಲಿಲ್ಲ. ಓದಿ ನೋಡಿದರೆ ಸಂಗತಿ ನಾನೆಣಿಸಿದ್ದಕ್ಕೆ ತಿರುವುಮುರುವು. 1959ರ ಆಯುಧ ಕಾಯಿದೆಯ ಕೆಳಗೆ 2016ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಲೈಸನ್ಸುಳ್ಳವನು ಪಿಸ್ತೂಲನ್ನಾಗಲಿ ರಿವಾಲ್ವರನ್ನಾಗಲಿ ಸಾರ್ವಜನಿಕ ಸ್ಥಳದಲ್ಲಿ ಒಯ್ಯುವುದಾದರೆ ಅದು ಪೂರ್ತಿಯಾಗಿ ಮುಚ್ಚಿರಬೇಕು, ಅವನ ಹತೋಟಿಯಲ್ಲಿರಬೇಕು. ತೋರಿಸಿಕೊಂಡು ಮೆರೆಯುವುದೇ ತಪ್ಪು. ಮದುವೆಯ ಮೆರವಣಿಗೆಯಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವ ವರಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಸಜೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಿದೆ. ಒಳ್ಳೆಯದೇ ಆಯಿತೆನ್ನಬೇಕು.

ಹಿಂದಿನವರ ರೀತಿ ಬೇರೆ. ನಮ್ಮ ಈ ಊರಿನಲ್ಲಿಯೇ ನಿಜಾಮರ ಪಡೆಯಲ್ಲಿದ್ದ ಅರಬರು ಬಾಗಿದ ಜಂಬಿಯಾವನ್ನು ಸೊಂಟಪಟ್ಟಿಯ ನಡುವೆ, ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಳ್ಳುತ್ತಿದ್ದರು. ಅವರ ವಂಶದವರು ಬಾರ್ಕಾಸಿನಲ್ಲಿ ಇಂದಿಗೂ ಇದ್ದಾರೆ. ಕೊಡವರು ಕುಪ್ಪಸದ ಮೇಲೆ ಚೇಲೆ ಬಿಗಿದು ಮುಂದುಗಡೆ ಪೀಚೆಕತ್ತಿಯನ್ನು ಸಿಕ್ಕಿಸುತ್ತಾರೆ. ಅಗಲವಾದ ಒಡಿಕತ್ತಿಗೆ ಬೆನ್ನಹಿಂದೆ ತೊಡಂಗ್ ಎಂಬ ಲೋಹದ ಹಿಡಿಕೆಯೇ ಉಂಟು. ಬಂದೂಕಿನ ಲೈಸನ್ಸಿನಿಂದ ಅವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಸ್ಕಾಟ್ಲೆಂಡಿನವರು ಕಾಲುಚೀಲದ ಬಾಯಿಯಲ್ಲಿ ಒಂದು ಪುಟ್ಟ ಚೂರಿಯನ್ನು ಹಿಡಿ ಕಾಣುವಂತೆ ಇಟ್ಟುಕೊಳ್ಳುತ್ತಾರೆ. ಸ್ನೇಹಿತರ ಮನೆಗೆ ಹೋದಾಗ ಬಚ್ಚಿಟ್ಟ ಚೂರಿಯನ್ನು ಹೊರತೆಗೆದು ಅಲ್ಲಿ ಇಡುವುದು ಮರ್ಯಾದೆ ಎಂದು ಆ ಪದ್ಧತಿ ಬಂದಿತೆಂಬ ಮಾತುಂಟು. ನಮ್ಮ ಭಾವನವರು ಮಾತ್ರ ಸ್ನೇಹಿತರ ಮನೆಯಲ್ಲೂ ಬಚ್ಚಿಟ್ಟರು!

ಮುಂದಿನ ಎರಡು ಭಾನುವಾರ ನಾವಿಬ್ಬರೂ ಇದೇ ಕೆಲಸ ಹಿಡಿದೆವು. ಮಕ್ಕಳನ್ನು ಅಕ್ಕನ ಜೊತೆ ಹೊರಗೆ ಕಳುಹಿಸಿ, ಗುಂಡುಗಳನ್ನು ಇನ್ನೊಂದು ಕೋಣೆಯಲ್ಲಿ ಬೀಗ ಹಾಕಿಟ್ಟು, ರಿವಾಲ್ವರು ಬರಿದಾಗಿದೆಯೆಂದು ಇಬ್ಬರೂ ಒಬ್ಬರಾದ ಮೇಲೊಬ್ಬರು ನೋಡಿಕೊಂಡು, ಒರೆಯನ್ನು ಪರೀಕ್ಷಿಸಿದೆವು. ಮೊದಲು ನೋಡಬೇಕಾದದ್ದು ಕುದುರೆ, ಎಂದರೆ ಬೆರಳಿಟ್ಟು ಒತ್ತುವ ಭಾಗ, ಪೂರ್ತಿ ಮುಚ್ಚುತ್ತದೆಯೇ ಎಂಬುದು. ಅಗ್ಗದ ಒರೆಗಳು ಯಾವ ಅಳತೆಗಾದರೂ ಆಗುವಂತೆ ಮೆತ್ತನೆಯ ಬಟ್ಟೆಯಲ್ಲಿ ಹೊಲಿದಿರುತ್ತವೆ. ಹೊರಗಿನಿಂದ ಒತ್ತಿದರೆ ಕುದುರೆ ಕೈಗೆ ಸಿಗುತ್ತದೆ. ಅಂಥದನ್ನು ಪುಕ್ಕಟೆ ಕೊಟ್ಟರೂ ಬೇಡ. ಭಾವನವರದು ಅಂಥದೇ ಆಗಿತ್ತು. ಆಯಾ ಆಯುಧದ ಅಳತೆಗೆ ಅಚ್ಚು ಹಾಕಿದ ಗಟ್ಟಿ ಒರೆ, ಮೇಲೊಂದು ಗುಂಡಿಯ ಪಟ್ಟಿ, ಒಳಗೆ ಚರ್ಮಕ್ಕೆ ತಗಲುವೆಡೆ ಮೆತ್ತೆ, ಭಾರ ಕೆಳಗೆ ಜಾರದಂತೆ ಮೀನಖಂಡದ ಮೇಲೆ ಬಿಗಿಯುವ ಎರಡನೆಯ ಪಟ್ಟಿ, ಇಷ್ಟಾದರೂ ಇರಬೇಕು.

ಬಲಗೈಯವರು ಅದನ್ನು ಎಡಗಾಲಿನ ಒಳಮಗ್ಗುಲಿಗೆ, ಗಿಣ್ಣಿನಿಂದ ಸ್ವಲ್ಪ ಮೇಲೆ, ಹಿಡಿ ಹಿಂದಕ್ಕೆ ಬರುವಂತೆ ಕಟ್ಟುತ್ತಾರೆ. ಹೊರಮಗ್ಗುಲಿಗೆ ಕಟ್ಟಿದರೆ ಬಾಗಿಲು, ಮೇಜು ಎಲ್ಲಕ್ಕೂ ಬಡಿಯುತ್ತದೆ. ಒಳಗೆ ಉದ್ದನೆಯ ಕಾಲುಚೀಲ ಬೇಕು; ಪ್ಯಾಂಟಿನ ಕೆಳಬಾಯಿ ಅಗಲವಾಗಿರಬೇಕು, ಉದ್ದವೂ ಒಂದು ಅಂಗುಲ ಹೆಚ್ಚಿರಬೇಕು. ಆಯುಧ ಹಗುರವಾಗಿದ್ದಷ್ಟೂ ಮೇಲು. ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದು ಹೊರತಂದ ‘ನಿರ್ಭೀಕ್’ ಸುಮಾರು 500 ಗ್ರಾಂ ತೂಗುತ್ತದೆ. ಕಾಲಿಗೆ ಅದಕ್ಕಿಂತ ಭಾರ ಹೊರಿಸಿದರೆ ನಡಿಗೆಯೇ ಬೇರೆಯಾಗುತ್ತದೆ. ಭಾವನವರದು ಅದಕ್ಕಿಂತ ಭಾರ. ಅಂಗಳದಲ್ಲಿ ನಾಲ್ಕು ಸುತ್ತು ಬರುವಷ್ಟರಲ್ಲಿ ಅವರು ಎಡಗಾಲನ್ನು ಎಳೆಯತೊಡಗಿದರು. ನೋಡಿದವರು “ಕಾಲಿಗೇನಾಯಿತು?” ಎಂದು ಕೇಳುವ ಹಾಗಿದ್ದರೆ ಮುಚ್ಚಿಟ್ಟು ಬಂದ ಭಾಗ್ಯವೇನು?

ಇನ್ನು ಹೊರತೆಗೆಯುವ ಸಂಗತಿ. ಕಾರಿನಲ್ಲಿಯೋ ಕುರ್ಚಿಯಲ್ಲಿಯೋ ಕುಳಿತವನಿಗೆ ಕಾಲು ಹತ್ತಿರ, ಸುಲಭ. ನಿಂತವನು ಬಗ್ಗಬೇಕು ಅಥವಾ ಮೊಣಕಾಲೂರಬೇಕು. ಒಂದು ಕೈಯಿಂದ ಪ್ಯಾಂಟು ಎತ್ತಬೇಕು, ಇನ್ನೊಂದರಿಂದ ಗುಂಡಿ ಬಿಚ್ಚಬೇಕು. ನಾನು ಗಡಿಯಾರ ಹಿಡಿದು ಎಣಿಸಿದೆ. ಅಷ್ಟು ಹೊತ್ತಿನಲ್ಲಿ ಚೀಲ ಕಿತ್ತವನು ಉಸ್ಮಾನ್ ಗಂಜ್ ದಾಟಿರುತ್ತಾನೆ. ಸ್ಕೂಟರಿನ ಮೇಲಂತೂ ಆಗದ ಮಾತು. ಮೇಲಾಗಿ ಗಾಳಿಗೆ ಪ್ಯಾಂಟು ಪಟಪಟನೆ ಹಾರಿ ಸಿಗ್ನಲಿನಲ್ಲಿ ನಿಂತವರಿಗೆಲ್ಲ ದರ್ಶನವಾಗುತ್ತದೆ. ಬೂಟಿನ ಮಟ್ಟದಲ್ಲಿರುವುದರಿಂದ ರಸ್ತೆಯ ಧೂಳು, ಮಳೆಗಾಲದ ಕೆಸರು, ಕಾಲಿನ ಬೆವರು ಎಲ್ಲಕ್ಕೂ ಅದೇ ಮನೆ. ದಿನವೂ ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ.

ನನಗೆ ಹೊಳೆದದ್ದು ಇಷ್ಟು: ಇದು ಬೆಳಗಿನಿಂದ ರಾತ್ರಿಯವರೆಗೆ ಬೂಟು ಕಳಚದೆ ಕುರ್ಚಿಯ ಮೇಲೆ ಕುಳಿತುಕೊಳ್ಳುವ ಜನರಿಗೆಂದು ಹುಟ್ಟಿದ ವಸ್ತು. ಅವರಲ್ಲಿಯೂ ಸೊಂಟದಲ್ಲಿ ಒಂದನ್ನಿಟ್ಟುಕೊಂಡ ಪೋಲೀಸಿನವರು ಎರಡನೆಯದನ್ನು ಕಾಲಿಗೆ ಕಟ್ಟುವುದೇ ಹೆಚ್ಚು. ನಾವು ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವವರು, ಬಚ್ಚಲಿನಲ್ಲಿ ಕಾಲು ತೊಳೆದು ಒಳಗೆ ಬರುವವರು, ನೆಲದ ಮೇಲೆ ಉಣ್ಣುವವರು. ದೊಡ್ಡವರ ಕಾಲಿಗೆ ಬೀಳುವ ನಮ್ಮ ಮಕ್ಕಳ ಕೈ ಮೊದಲು ತಗಲುವುದೇ ಅಲ್ಲಿ.

ಭಾವನವರು ಆಗಲೂ ಒಪ್ಪಲಿಲ್ಲ. “ದುಡ್ಡು ಕಳಕೊಂಡವ ನಾನು, ನಿನಗೇನು ಗೊತ್ತದ ತಮ್ಮಾ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಒಪ್ಪಿಸಿದ್ದು ಅವರ ಸಕ್ಕರೆ ಕಾಯಿಲೆ. ಪಟ್ಟಿ ಬಿಗಿದೆಡೆ ಚರ್ಮ ಕೆಂಪಾಗಿ ಒಂದು ಸಣ್ಣ ಗುಳ್ಳೆ ಎದ್ದಿತು; ಎರಡು ವಾರವಾದರೂ ಮಾಯಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಸ್ಪರ್ಶಜ್ಞಾನವೂ ರಕ್ತದ ಓಡಾಟವೂ ಕುಗ್ಗಿರಬಹುದು. ಉಜ್ಜಿದ್ದು ತಿಳಿಯುವುದಿಲ್ಲ, ಆದ ಗಾಯ ಬೇಗ ಒಣಗುವುದಿಲ್ಲ. ವೈದ್ಯರು ಕಾಲು ನೋಡಿ, ಅದನ್ನು ಇನ್ನು ಕಟ್ಟಕೂಡದೆಂದರು. ಅಕ್ಕ ಅಂದೇ ಅದನ್ನು ಅಟ್ಟಕ್ಕೆ ಹಾಕಿದಳು.

ಈಗ ರಿವಾಲ್ವರು ಸೊಂಟದ ಗಟ್ಟಿ ಒರೆಯಲ್ಲಿ, ಸಡಿಲವಾದ ಬುಶ್ ಶರ್ಟಿನ ಒಳಗೆ ಇರುತ್ತದೆ. ಮನೆಗೆ ಬಂದೊಡನೆ ಗುಂಡು ಬೇರೆ, ಆಯುಧ ಬೇರೆ, ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಗೆ ಹೋಗುತ್ತವೆ. ಬೀಗದ ಕೈ ಭಾವನವರ ಜನಿವಾರದಲ್ಲಿ. ಗಿರಾಕಿಗಳು ಹೆಚ್ಚಾಗಿ ಫೋನಿನಲ್ಲಿಯೇ ಹಣ ಕಳಿಸುವುದರಿಂದ ರಾತ್ರಿ ಒಯ್ಯುವ ಚೀಲವೂ ಸಣ್ಣದಾಗಿದೆ.

ಮಾಘದಲ್ಲಿ ಕಲಬುರಗಿಗೆ ಮದುವೆಗೆ ಹೊರಟೆವು. ಊರಿಗೆ ಹೋಗಿಬರುವ ನಮ್ಮಂಥವರು ಇದೊಂದನ್ನು ನೆನಪಿಡಬೇಕು: ಲೈಸನ್ಸಿನಲ್ಲಿ ಅದು ಎಲ್ಲಿಯವರೆಗೆ ನಡೆಯುತ್ತದೆಂದು ಬರೆದಿರುತ್ತದೆ. ಭಾವನವರದು ತೆಲಂಗಾಣಕ್ಕೆ ಮಾತ್ರ. ಗಡಿಯಾಚೆ ಒಯ್ಯುವಂತಿಲ್ಲ. ಪೆಟ್ಟಿಗೆಗೆ ಬೀಗ ಹಾಕಿ ಬಂದರು. ಮದುವೆಯ ಮನೆಯಲ್ಲಿ ಧೋತರ ಉಟ್ಟು, ಪಂಕ್ತಿಯ ಮೊದಲ ಎಲೆಗೆ ಚಕ್ಕಳಮಕ್ಕಳ ಹಾಕಿ ಕುಳಿತರು. ನನ್ನ ಮಗಳು ಉಪ್ಪಿನ ಬಟ್ಟಲು ಹಿಡಿದು ಬಂದವಳು ಮೊದಲು ಅವರ ಕಾಲನ್ನು ನೋಡಿದಳು, ಆಮೇಲೆ ಬಡಿಸಿದಳು.