ನಾಯಿ ಕಡಿದರೆ ಏನು ಮಾಡಬೇಕು?

ಹೀಗೊಂದು ಸಂಜೆ ನೆನೆಸಿಕೊಳ್ಳಿ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಹುಡುಗ ಆಟ ಮುಗಿಸಿ ಮನೆಗೆ ಬಂದ. ಕಾಲು ಮುಚ್ಚಿಕೊಂಡು ಮೂಲೆಯಲ್ಲಿ ಕೂತ. ಅವ್ವ ಹತ್ತಿರ ಹೋಗಿ ನೋಡಿದಳು. ಮೊಣಕಾಲಿನ ಕೆಳಗೆ ಹಲ್ಲಿನ ಗುರುತು. ಸ್ವಲ್ಪ ರಕ್ತ.

"ಯಾವಾಗ ಕಡೀತೋ?"

"ಮಧ್ಯಾಹ್ನ. ನೀ ಬೈತೀ ಅಂತ ಹೇಳಲಿಲ್ಲ."

ಆಯಿ ಅಂದಳು: "ಸಣ್ಣ ಗಾಯ ಅದ. ಖಾರಪುಡಿ ಹಚ್ಚು, ಆರಾಮ ಆಗ್ತದ."

ಇಂಥ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಗಾಯ ಸಣ್ಣದೇ ಇರಬಹುದು. ಆದರೆ ಅದರಿಂದ ಜೀವ ಹೋಗಬಹುದು.

ರೋಗ ಹೇಗೆ ಬರುತ್ತದೆ?

ಈ ರೋಗದ ಹೆಸರು ರೇಬೀಸ್. ಹುಚ್ಚುನಾಯಿ ರೋಗ ಅಂತಲೂ ಅನ್ನುತ್ತಾರೆ. ರೋಗ ಇರುವ ನಾಯಿಯ ಜೊಲ್ಲಿನಲ್ಲಿ ವಿಷಾಣು ಇರುತ್ತದೆ. ನಾಯಿ ಕಡಿದಾಗ ಅದು ಗಾಯದೊಳಗೆ ಸೇರುತ್ತದೆ. ನರಗಳ ಮೂಲಕ ನಿಧಾನವಾಗಿ ಮಿದುಳಿಗೆ ಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ 1ರಿಂದ 3 ತಿಂಗಳು ಬೇಕು. ಕೆಲವರಿಗೆ ಒಂದು ವಾರವೂ ಸಾಕು. ಕೆಲವರಿಗೆ ವರ್ಷ ಕಳೆದ ಮೇಲೂ ರೋಗ ಬರಬಹುದು.

ರೋಗ ಕಾಣಿಸಿಕೊಂಡ ಮೇಲೆ ಬದುಕುವುದು ಬಹಳ ಅಪರೂಪ. ಅದಕ್ಕೂ ಮೊದಲೇ ಲಸಿಕೆ ಹಾಕಿಸಿದರೆ ಜೀವ ಉಳಿಯುತ್ತದೆ. ಹಾಗಾಗಿ ತಡ ಮಾಡಬಾರದು.

ಬೆಕ್ಕು, ಮಂಗ, ನರಿ, ಮುಂಗುಸಿ ಕಡಿದರೂ ಹೀಗೇ ಮಾಡಬೇಕು. ನಾಯಿಯ ಉಗುರು ತಾಗಿ ಚರ್ಮ ಕಿತ್ತರೂ, ಅದು ಗಾಯ ನೆಕ್ಕಿದರೂ ಡಾಕ್ಟರಿಗೆ ತೋರಿಸಿ.

ಮೊದಲು ಮನೆಯಲ್ಲಿ

ಹರಿಯುವ ನೀರು ಮತ್ತು ಸಾಬೂನಿನಿಂದ ಗಾಯ ತೊಳೆಯಿರಿ. ಪೂರಾ 15 ನಿಮಿಷ ತೊಳೆಯಬೇಕು. ನಳ ಇಲ್ಲದಿದ್ದರೆ ತಂಬಿಗೆಯಿಂದ ನೀರು ಸುರಿಯುತ್ತಾ ಇರಿ. ಇದರಿಂದ ಬಹಳಷ್ಟು ವಿಷಾಣು ತೊಳೆದುಹೋಗುತ್ತದೆ. ಕಡಿದು ಕೆಲವು ತಾಸು ಆಗಿದ್ದರೂ ತೊಳೆಯಲೇಬೇಕು.

ಖಾರಪುಡಿ, ಅರಿಷಿಣ, ಸುಣ್ಣ, ಎಣ್ಣೆ ಹಚ್ಚಬೇಡಿ. ಬಟ್ಟೆ ಬಿಗಿದು ಕಟ್ಟಬೇಡಿ. ಮಂತ್ರ, ತಾಯಿತ ಅಂತ ದಿನ ಕಳೆಯಬೇಡಿ.

ಆಮೇಲೆ ದವಾಖಾನೆಗೆ

ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ. ಅಲ್ಲಿ ಈ ಲಸಿಕೆಗೆ ದುಡ್ಡು ಇಲ್ಲ. ಕಡಿದು ಕೆಲವು ದಿನ ಆಗಿದ್ದರೂ ಹೋಗಲೇಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಕೂಸುಗಳು ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬಹುದು.

"ಹೊಟ್ಟಿಗೆ 14 ಸೂಜಿ ಹಾಕ್ತಾರ" ಅಂತ ಹಿರಿಯರು ಹೆದರುತ್ತಾರೆ. ಹಿಂದೆ ಹಾಗೆ ಇತ್ತು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತುಹೋಯಿತು. ಈಗಿನ ಸೂಜಿ ತೋಳಿಗೆ. ಚಿಕ್ಕ ಕೂಸುಗಳಿಗೆ ತೊಡೆಗೂ ಹಾಕುತ್ತಾರೆ.

ರಕ್ತ ಬಂದ ಗಾಯವಾದರೆ ಇನ್ನೊಂದು ಔಷಧ ಬೇಕು. ಅದಕ್ಕೆ ಸಿರಂ ಅನ್ನುತ್ತಾರೆ. ಲಸಿಕೆಯ ಶಕ್ತಿ ದೇಹಕ್ಕೆ ಬರಲು ಕೆಲವು ದಿನ ಬೇಕು. ಅಲ್ಲಿಯ ತನಕ ಸಿರಂ ಕಾಪಾಡುತ್ತದೆ. ಅದನ್ನು ಗಾಯದ ಒಳಗೆ, ಸುತ್ತಲೂ ಹಾಕುತ್ತಾರೆ. ಮೊದಲ ದಿನವೇ ಕೇಳಿ.

ಸೂಜಿ ಬಿಡಬೇಡಿ

ಒಂದೇ ಸೂಜಿ ಸಾಲದು. ಚರ್ಮದಲ್ಲಿ ಹಾಕುವ ಲಸಿಕೆಗೆ 4 ಸಲ ಹೋಗಬೇಕು. ಮೊದಲ ದಿನ ಒಂದು ಸಲ. ಆ ದಿನದಿಂದ 3, 7 ಮತ್ತು 28 ದಿನ ಕಳೆದ ಮೇಲೆ ಮತ್ತೆ ಹೋಗಬೇಕು. ಮೊದಲ ಸೂಜಿ ಜೂನ್ 2ಕ್ಕೆ ಆದರೆ ಉಳಿದವು ಜೂನ್ 5, 9 ಮತ್ತು 30ಕ್ಕೆ. ಸ್ನಾಯುವಿಗೆ ಹಾಕುವ ಲಸಿಕೆಯಾದರೆ 14 ದಿನದ ಮೇಲೆ ಇನ್ನೊಂದು ಸೂಜಿ ಇರುತ್ತದೆ.

ಗಾಯ ಮಾಯ್ದಿತು ಅಂತ ನಡುವೆ ಬಿಡಬೇಡಿ. ಕೂಲಿ ಕೆಲಸಕ್ಕೆ ಬೇರೆ ಊರಿಗೆ ಹೋದರೆ ಚೀಟಿ ಜೊತೆಗೆ ಒಯ್ಯಿರಿ. ಅಲ್ಲಿನ ದವಾಖಾನೆಯಲ್ಲಿ ತೋರಿಸಿ.

ಕಡಿದ ನಾಯಿಯನ್ನು ಕೊಲ್ಲಬೇಡಿ. 10 ದಿನ ಅದರ ಮೇಲೆ ದೂರದಿಂದ ಕಣ್ಣಿಡಿ. ಅದು ಸತ್ತರೆ, ಕಾಣೆಯಾದರೆ ಡಾಕ್ಟರಿಗೆ ಹೇಳಿ. ಆದರೆ ನಾಯಿಯನ್ನು ನೋಡುತ್ತಾ ಲಸಿಕೆಗೆ ತಡ ಮಾಡಬೇಡಿ. ಸಾಕಿದ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ.

ಮಕ್ಕಳಿಗೆ ಇವತ್ತೇ ಹೇಳಿ: "ನಾಯಿ ಕಡಿದರೆ ಮುಚ್ಚಿಡಬ್ಯಾಡ. ನಾ ಬೈಯಂಗಿಲ್ಲ."

ಆ ಹುಡುಗನ ಅವ್ವ ಖಾರಪುಡಿ ಹಚ್ಚಲಿಲ್ಲ. ಗಾಯ ತೊಳೆದಳು. ಮಗನನ್ನು ದವಾಖಾನೆಗೆ ಕರೆದೊಯ್ದಳು. ಚೀಟಿ ಮರಾಠಿಯಲ್ಲಿತ್ತು. ತಾರೀಖುಗಳನ್ನು ಸಿಸ್ಟರ್ ಹತ್ತಿರ ಕೇಳಿಕೊಂಡಳು. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖುಗಳಿಗೆ ಸುತ್ತು ಹಾಕಿದಳು. ಪಕ್ಕದಲ್ಲಿ ತನ್ನ ಕೈಯಿಂದಲೇ "ಸೂಜಿ" ಎಂದು ಕನ್ನಡದಲ್ಲಿ ಬರೆದಳು.