ಕೊರಳಲ್ಲಿ ಹೆಸರಿನ ಚೀಟಿ

ಎರಡನೇ ಮಹಾಯುದ್ಧದಲ್ಲಿ ಫಿನ್‌ಲೆಂಡಿನ ಮೇಲೆ ಸೋವಿಯತ್ ಬಾಂಬುಗಳು ಬೀಳುತ್ತಿದ್ದಾಗ ಸುಮಾರು 70,000 ಮಕ್ಕಳನ್ನು ನೆರೆಯ ಸ್ವೀಡನ್ನಿಗೆ ಕಳಿಸಿದರು. ಎಷ್ಟೋ ಮಕ್ಕಳದು ಇನ್ನೂ ಶಾಲೆಗೆ ಹೋಗದ ವಯಸ್ಸು. ಕೊರಳಲ್ಲಿ ಹೆಸರು ಬರೆದ ಚೀಟಿ, ಜೊತೆಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಕಳಿಸಿದ್ದು ಪ್ರೀತಿಯಿಂದಲೇ. ಅಲ್ಲಿ ಹೊಟ್ಟೆ ತುಂಬ ಊಟವಿತ್ತು, ಬೆಚ್ಚನೆಯ ಹಾಸಿಗೆಯಿತ್ತು, ಎಷ್ಟೋ ಮನೆಗಳಲ್ಲಿ ಅಕ್ಕರೆಯೂ ಇತ್ತು.

ಆ ಮಕ್ಕಳು ಅರವತ್ತು ದಾಟಿದ ಮೇಲೆ ಹೆಲ್ಸಿಂಕಿಯ ಸಂಶೋಧಕಿಯರಾದ ಅನು-ಕತ್ರೀನಾ ಪೆಸೊನೆನ್, ಕತ್ರಿ ರೈಕ್ಕೊನೆನ್ ಮತ್ತು ಸಂಗಡಿಗರು ಅವರಲ್ಲಿ ಕೆಲವರನ್ನು ಹುಡುಕಿ ಪರೀಕ್ಷಿಸಿದರು. 1934ರಿಂದ 1944ರವರೆಗೆ ಆ ನಗರದಲ್ಲಿ ಹುಟ್ಟಿದವರ ದಾಖಲೆಗಳೂ, ಯಾರು ಯಾವಾಗ ಹೋದರೆಂಬ ಸರ್ಕಾರಿ ಪಟ್ಟಿಯೂ ಉಳಿದಿದ್ದವು. ಹಾಗಾಗಿ ಮುಪ್ಪಿನ ಮರೆವನ್ನು ನಂಬಿ ಕೂರಬೇಕಾಗಲಿಲ್ಲ. ಅಪರಿಚಿತರ ಮುಂದೆ ನಿಲ್ಲಿಸಿ ಮಾತಾಡಿಸಿದರು, ಬಾಯಿಲೆಕ್ಕ ಮಾಡಿಸಿದರು, ನಡುನಡುವೆ ಎಂಜಲು ತೆಗೆದುಕೊಂಡು ಅದರಲ್ಲಿನ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಮನೆಯಲ್ಲೇ ಉಳಿದಿದ್ದವರಿಗಿಂತ ದೂರ ಹೋಗಿದ್ದವರಲ್ಲಿ ಈ ಹಾರ್ಮೋನು ಹೆಚ್ಚಿತ್ತು. ಖಿನ್ನತೆಯ ಲಕ್ಷಣಗಳೂ ಹೆಚ್ಚಿದ್ದವು. ಆರು ದಶಕ ಕಳೆದರೂ!

ಹೀಗೇಕೆ? ಎಳೆಯ ಮಗುವಿಗೆ ತನ್ನ ಹೆದರಿಕೆಯನ್ನು ತಾನೇ ತಣಿಸಿಕೊಳ್ಳಲು ಬಾರದು. ಪರಿಚಿತರು ಎತ್ತಿಕೊಂಡು ಬೆನ್ನು ಸವರಿದಾಗ ಅದರ ಎದೆಬಡಿತ ಇಳಿಯುತ್ತದೆ, ಕಾರ್ಟಿಸೋಲ್ ತಗ್ಗುತ್ತದೆ. ನೂರಾರು ಸಲ ಹೀಗೆ ಆದ ಮೇಲೆ ಮಿದುಳು ಆ ಕೆಲಸವನ್ನು ತಾನೇ ಕಲಿಯುತ್ತದೆ. ಕಲಿಕೆಯ ನಡುವೆ ಆ ಮಡಿಲು ಇಲ್ಲವಾದರೆ, ಎಚ್ಚರಿಕೆಯ ಗಂಟೆ ಮುಂದೆಯೂ ಸಣ್ಣಪುಟ್ಟದ್ದಕ್ಕೆಲ್ಲ ಜೋರಾಗಿ ಬಡಿದುಕೊಳ್ಳಬಹುದು.

ನನ್ನನ್ನು ಹೆಚ್ಚು ಕಾಡುವುದು ಮರಳಿ ಬಂದ ದಿನ. ಎಷ್ಟೋ ಮಕ್ಕಳಿಗೆ ಫಿನ್ನಿಷ್ ಮರೆತೇಹೋಗಿತ್ತು. ಅಮ್ಮ ಕೇಳಿದ್ದು ಮಗುವಿಗೆ ತಿಳಿಯದು, ಮಗು ಸ್ವೀಡಿಷ್‌ನಲ್ಲಿ ಹೇಳಿದ್ದು ಅಮ್ಮನಿಗೆ ತಿಳಿಯದು. ಅತ್ತ ಸಾಕಿದ ತಾಯಿಯೂ ಕೈತಪ್ಪಿದ್ದಳು. ನಾವು ಒಂದು ಅಗಲಿಕೆ ಎಂದು ಎಣಿಸುವುದು ಆ ಮಕ್ಕಳಿಗೆ ಎರಡಾಗಿತ್ತು.

ಎಲ್ಲರೂ ಕುಸಿದರೆಂದಲ್ಲ. ಟೊರ್ಸ್ಟೆನ್ ಸಂತವಿರ್ತ ಮತ್ತು ಸಂಗಡಿಗರು ಒಂದೇ ಮನೆಯ ಮಕ್ಕಳಲ್ಲಿ ಹೋದವರನ್ನೂ ಉಳಿದವರನ್ನೂ ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿದ ಪ್ರಮಾಣ ಒಟ್ಟಾರೆ ಹೆಚ್ಚಿರಲಿಲ್ಲ. ಆದರೆ ಹೋದ ಹೆಣ್ಣುಮಕ್ಕಳಲ್ಲಿ ಖಿನ್ನತೆಯಂಥ ಕಾಯಿಲೆಗಳಿಗೆ ಆಸ್ಪತ್ರೆ ಸೇರುವ ಸಂಭವ ಸುಮಾರು ಇಮ್ಮಡಿಯಾಗಿತ್ತು. ಒಡಹುಟ್ಟಿದವರನ್ನೇ ಪಕ್ಕಪಕ್ಕ ಇಟ್ಟು ನೋಡಿದ್ದರಿಂದ ಬಡತನ, ಮನೆತನಗಳ ವ್ಯತ್ಯಾಸ ಇಲ್ಲಿ ಅಡ್ಡ ಬರುವುದಿಲ್ಲ. ಈ ಲೆಕ್ಕವನ್ನು ನಾನು ಹೆಚ್ಚು ನಂಬುತ್ತೇನೆ.

ಅದೇ ತಂಡ 2018ರಲ್ಲಿ ಮುಂದಿನ ತಲೆಮಾರನ್ನು ನೋಡಿತು. ಅಕ್ಕತಂಗಿಯರಲ್ಲಿ ಒಬ್ಬಳು ಸ್ವೀಡನ್ನಿಗೆ ಹೋಗಿ ಇನ್ನೊಬ್ಬಳು ಮನೆಯಲ್ಲೇ ಉಳಿದಿದ್ದರೆ, ಹೋದವಳ ಮಗಳಿಗೇ ಅಂಥ ಕಾಯಿಲೆಯ ಸಂಭವ ಹೆಚ್ಚಾಗಿತ್ತು. ಆ ಮಗಳು ಹುಟ್ಟಿದ್ದು ಯುದ್ಧ ಮುಗಿದು ವರ್ಷಗಳೇ ಕಳೆದ ಮೇಲೆ.